ಮಗುವಿಗೆ ಹೆಸರಿಡುವ ಮುನ್ನ: ಬಾಯಲ್ಲೂ ಕಾಗದದಲ್ಲೂ ಪರೀಕ್ಷೆ ಮಾಡಿ

ಮಗು ಹುಟ್ಟಿದ ಮನೆಗಳಲ್ಲಿ ಈಗ ಒಂದೇ ಮಾತು: "ಯಾರೂ ಇಟ್ಟಿರಬಾರದು, ಅಂಥ ಹೆಸರು ಬೇಕು." ಮೊಬೈಲ್ ಹಿಡಿದು ಕೂತರೆ ಸಾವಿರಾರು ಹೆಸರು ಸಿಗುತ್ತವೆ. ಪ್ರತಿಯೊಂದರ ಮುಂದೆಯೂ "ಸೂರ್ಯನ ಮೊದಲ ಕಿರಣ", "ವಿಷ್ಣುವಿನ ಅಂಶ" ಅಂತ ಚೆಂದದ ಅರ್ಥ ಬರೆದಿರುತ್ತದೆ. ಒಂದು ಹೆಸರು ಹಿಡಿಸುತ್ತದೆ, ತೊಟ್ಟಿಲು ಶಾಸ್ತ್ರವೂ ಮುಗಿಯುತ್ತದೆ. ತೊಂದರೆ ಗೊತ್ತಾಗುವುದು ಆಮೇಲೆ. ಅಜ್ಜಿಗೆ ಆ ಹೆಸರು ಕರೆಯಲು ಬರುವುದಿಲ್ಲ. ಹಾಜರಿ ಕೂಗುವಾಗ ತರಗತಿ ನಗುತ್ತದೆ. ಆಧಾರ್‌ನಲ್ಲಿ ಒಂದು ಕಾಗುಣಿತ, ಅಂಕಪಟ್ಟಿಯಲ್ಲಿ ಇನ್ನೊಂದು.

ಅಪರೂಪದ ಹೆಸರು ಇಡುವುದು ತಪ್ಪಲ್ಲ. ಪರೀಕ್ಷೆ ಮಾಡದೆ ಇಡುವುದೇ ತೊಂದರೆ. ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಸಮುದಾಯದ ಬಗ್ಗೆ ನೀವು ಓದಿರಬಹುದು. ಅಲ್ಲಿ ಹೈಕೋರ್ಟ್, ಮೈಸೂರ್ ಪಾಕ್, ಕಾಫಿ, ಗೂಗಲ್ ಎಂಬ ಹೆಸರಿನವರು ಇದ್ದಾರೆ. ಅಲೆದಾಡುತ್ತಿದ್ದ ಜನ ನೆಲೆ ನಿಂತ ಮೇಲೆ, ಸುತ್ತ ಕಂಡದ್ದನ್ನೂ ಮೆಚ್ಚಿದ್ದನ್ನೂ ಪ್ರೀತಿಯಿಂದ ಮಕ್ಕಳಿಗೆ ಇಟ್ಟ ಹೆಸರುಗಳು ಅವು. ಅವರ ನಡುವೆ ಆ ಹೆಸರು ಕೇಳಿ ಯಾರೂ ನಗುವುದಿಲ್ಲ. ಹೆಸರು ವಿಚಿತ್ರ ಅನ್ನಿಸುವುದು ಹೊರಗಿನವರ ಕಿವಿಗೆ. ಆದರೆ ನಿಮ್ಮ ಮಗು ಹೊರಗಿನವರ ನಡುವೆಯೇ ಬೆಳೆಯುತ್ತದೆ ಅಲ್ವಾ? ಯಾವ ಕಿವಿಗಳು ಈ ಹೆಸರನ್ನು ಕೇಳುತ್ತವೆ, ಯಾವ ಬಾಯಿಗಳು ಕರೆಯುತ್ತವೆ, ಯಾವ ಕಾಗದಗಳಲ್ಲಿ ಇದು ಕೂರುತ್ತದೆ ಅಂತ ಮೊದಲೇ ನೋಡಿಕೊಳ್ಳಬೇಕು. ಹೇಗೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

1. ಅವಸರ ಮಾಡಬೇಡಿ, ಕಾನೂನೂ ಅವಸರ ಮಾಡುವುದಿಲ್ಲ

ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮೊದಲೇ ಹೆಸರು ಹೇಳಬೇಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆದರೆ ಹೆಸರಿನ ಜಾಗ ಖಾಲಿ ಬಿಟ್ಟೂ ನೋಂದಣಿ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು.

ಹಾಗಂತ ವರ್ಷಗಟ್ಟಲೆ ಬಿಡಬೇಡಿ. ಎರಡು ಮೂರು ತಿಂಗಳು ತೆಗೆದುಕೊಳ್ಳಿ, ಸಾಕು. ನಾಮಕರಣದ ದಿನ ಕಿವಿಯಲ್ಲಿ ಹೇಳಿದ ಹೆಸರನ್ನು ಮನೆಯಲ್ಲಿ ಕರೆದು ನೋಡಿ. ಕಾಗದಕ್ಕೆ ಏರಿಸುವ ಮೊದಲು ಆ ಹೆಸರು ನಾಲಿಗೆಗೆ ಒಗ್ಗಬೇಕು.

ಗಂಡ ಹೆಂಡತಿ ಕೂತು ಮಾತಾಡುವುದಂತೂ ಎಲ್ಲಕ್ಕಿಂತ ಮೊದಲು. ಹುಣಸೂರಿನ ಒಂದು ದಂಪತಿ ಮಗುವಿನ ಹೆಸರಿಗಾಗಿ ಸುಮಾರು 3 ವರ್ಷ ಜಗಳವಾಡಿ ನ್ಯಾಯಾಲಯಕ್ಕೆ ಹೋದರು. 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯದಲ್ಲೇ ಆ ಮಗುವಿಗೆ ಹೆಸರಿಡಬೇಕಾಯಿತು. ಅಷ್ಟು ದೂರ ಹೋಗಬೇಕಾಗಿಲ್ಲ. ಇಬ್ಬರೂ ಐದೈದು ಹೆಸರು ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ, ಬದಲಾಯಿಸಿಕೊಳ್ಳಿ. ಒಬ್ಬರಿಗೆ ಖಂಡಿತ ಬೇಡ ಅನ್ನಿಸಿದ ಹೆಸರನ್ನು ವಾದವಿಲ್ಲದೆ ಹೊಡೆದುಹಾಕಿ. ಉಳಿದವುಗಳಲ್ಲಿ ಮಾತು ಮುಂದುವರಿಸಿ. ಅತ್ತೆ, ಸೋದರತ್ತೆ, ಮಾವ ಎಲ್ಲರ ಸಲಹೆ ಕೇಳಿ, ಆದರೆ ಕೊನೆಯ ಮಾತು ತಂದೆ ತಾಯಿಯದೇ ಆಗಿರಲಿ.

2. ನಕ್ಷತ್ರದ ಅಕ್ಷರ ಕಷ್ಟದ್ದಾದರೆ

ವಿಚಿತ್ರ ಹೆಸರುಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿ. ಜಾತಕ ನೋಡಿ ಒಂದು ಅಕ್ಷರ ಕೊಡುತ್ತಾರೆ. ಆರಿದ್ರಾ ನಕ್ಷತ್ರದ 4 ಪಾದಗಳಿಗೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರಕ್ಕೆ ದು, ಥ, ಝ, ಞ. ಹಸ್ತದ 3ನೇ ಪಾದದಲ್ಲಿ ಹುಟ್ಟಿದ ಮಗುವಿಗೆ "ಣ" ದಿಂದ ಶುರುವಾಗುವ ಹೆಸರು ಎಲ್ಲಿಂದ ತರುತ್ತೀರಿ? ಕನ್ನಡದಲ್ಲಿ ಅಂಥ ಹೆಸರೇ ಇಲ್ಲ. ಆಗ ಜನ ಏನೇನೋ ಕಟ್ಟುತ್ತಾರೆ, ಆ ಹೆಸರು ಮಗುವಿಗೆ ಅಂಟಿಕೊಳ್ಳುತ್ತದೆ.

ಇದಕ್ಕೆ ನಮ್ಮ ಸಂಪ್ರದಾಯದಲ್ಲೇ ದಾರಿ ಇದೆ. ಶಾಸ್ತ್ರೋಕ್ತ ನಾಮಕರಣದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಇಡುತ್ತಾರೆ: ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಇವನ್ನು ಬರೆಯುತ್ತಾರೆ. ನಕ್ಷತ್ರದ ಅಕ್ಷರ ನಕ್ಷತ್ರನಾಮದಲ್ಲಿ ಇರಲಿ. ದಿನಾ ಕರೆಯುವ, ಪ್ರಮಾಣಪತ್ರಕ್ಕೆ ಹೋಗುವ ವ್ಯಾವಹಾರಿಕ ಹೆಸರು ನಿಮಗೆ ಇಷ್ಟವಾದದ್ದು ಇರಲಿ. ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳುವವರೂ ಇದ್ದಾರೆ. ಪುರೋಹಿತರನ್ನು ನೇರವಾಗಿ ಕೇಳಿ, ಬಹುತೇಕರು ಒಪ್ಪುತ್ತಾರೆ.

ಸಂಖ್ಯಾಶಾಸ್ತ್ರದ ಬಗ್ಗೆ ಇಷ್ಟೇ ಹೇಳುತ್ತೇನೆ. ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೊಂದು "ಎ", ಇನ್ನೊಂದು "ಎಚ್" ಸೇರಿಸುವ ಮನಸ್ಸಿದ್ದರೆ ಜನನ ಪ್ರಮಾಣಪತ್ರ ಬರೆಸುವಾಗಲೇ ಸೇರಿಸಿ. ನಾಲ್ಕು ವರ್ಷ ಬಿಟ್ಟು ಶಾಲೆಗೆ ಸೇರಿಸುವಾಗ ಸೇರಿಸಿದರೆ ಆ ಒಂದು ಅಕ್ಷರದ ಹಿಂದೆ ಮಗು ಜೀವನವಿಡೀ ಓಡಾಡಬೇಕಾಗುತ್ತದೆ.

3. ಅರ್ಥವನ್ನು ನಿಘಂಟಿನಲ್ಲಿ ನೋಡಿ

ಹೆಸರಿನ ಪಟ್ಟಿಗಳಲ್ಲಿ ಬರೆದ ಅರ್ಥವನ್ನು ನಂಬಬೇಡಿ. ಒಂದು ಕಡೆ ಯಾರೋ ಬರೆದದ್ದನ್ನು ನೂರು ಕಡೆ ಹಾಗೆಯೇ ಎತ್ತಿ ಹಾಕಿರುತ್ತಾರೆ. "ರೇಯಾಂಶ್" ಎಂಬುದನ್ನೇ ನೋಡಿ. "ಅಂಶ" ಸಂಸ್ಕೃತದ್ದು, ಸರಿ. ಬೆಳಕು ಎಂಬ ಅರ್ಥದ "ರೇ" ಇಂಗ್ಲಿಷಿನದು. ಎರಡನ್ನೂ ಅಂಟಿಸಿ ಸಂಸ್ಕೃತ ಹೆಸರು ಅನ್ನುತ್ತಾರೆ. "ಕಿಯಾರಾ" ಇಟಲಿಯ ಹೆಸರು. ಚೆನ್ನಾಗಿದೆ, ಇಷ್ಟವಾದರೆ ಇಡಿ. ಆದರೆ ವೇದದಲ್ಲಿದೆ ಅಂತ ತಿಳಿದು ಇಡಬೇಡಿ. ಮಗಳು ದೊಡ್ಡವಳಾಗಿ ಕೇಳಿದಾಗ ನಿಜವಾದ ಕಥೆ ಹೇಳಬೇಕಲ್ಲ.

ಇನ್ನು ಕೆಲವು ಹೆಸರುಗಳಿಗೆ ಅರ್ಥ ಇರುತ್ತದೆ, ಆದರೆ ನೀವು ಅಂದುಕೊಂಡದ್ದಲ್ಲ. ಅನಾಮಿಕಾ ಎಂದರೆ ಹೆಸರಿಲ್ಲದವಳು. ಉಂಗುರ ಬೆರಳಿಗೂ ಅದೇ ಹೆಸರು. ಅಸ್ಮಿತಾ ಯೋಗಸೂತ್ರದಲ್ಲಿ ಹೇಳುವ 5 ಕ್ಲೇಶಗಳಲ್ಲಿ ಒಂದು, "ನಾನು" ಎಂಬ ಭಾವ. ಇವತ್ತಿನ ಕನ್ನಡದಲ್ಲಿ ಅಸ್ಮಿತೆ ಎಂದರೆ ನಮ್ಮತನ ಎಂಬ ಒಳ್ಳೆಯ ಅರ್ಥವೇ ಬಳಕೆಯಲ್ಲಿದೆ, ಹಾಗಾಗಿ ತಿಳಿದು ಇಟ್ಟರೆ ತೊಂದರೆಯಿಲ್ಲ. ಅಧೀರ್ ಬಂಗಾಳದಲ್ಲಿ ಸಾಮಾನ್ಯ ಹೆಸರು. ಕನ್ನಡದಲ್ಲಿ ಅಧೀರ ಎಂದರೆ ಧೈರ್ಯವಿಲ್ಲದವನು. ಹಿಂದಿಯ ಉಚಿತ್ ಎಂದರೆ ಸರಿಯಾದದ್ದು, ಯೋಗ್ಯವಾದದ್ದು. ಬೆಂಗಳೂರಿನ ಶಾಲೆಯಲ್ಲಿ "ಉಚಿತ" ಎಂದರೆ ಏನು ಕೇಳಿಸುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಎರಡು ನಿಘಂಟು ನೋಡಿ: ಒಂದು ಸಂಸ್ಕೃತದ್ದು, ಒಂದು ಕನ್ನಡದ್ದು. ಕನ್ನಡಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ, 1894ರ ಕಿಟ್ಟೆಲ್ ನಿಘಂಟು ಇದೆ. ಹತ್ತಿರದ ಗ್ರಂಥಾಲಯದಲ್ಲಿ ಸಿಗದಿದ್ದರೆ ಊರಿನ ಕನ್ನಡ ಮೇಷ್ಟ್ರನ್ನೋ ಸಂಸ್ಕೃತ ಮೇಷ್ಟ್ರನ್ನೋ ಕೇಳಿ. ಹತ್ತು ನಿಮಿಷದ ಕೆಲಸ ಅದು. ಉರ್ದು, ಅರಬ್ಬಿ, ಕೊಡವ, ತುಳು, ಕೊಂಕಣಿ ಹೆಸರಾದರೆ ಆ ಭಾಷೆ ಬಲ್ಲವರನ್ನೇ ಕೇಳಬೇಕು.

4. ಅಜ್ಜಿಯ ಬಾಯಲ್ಲಿ ಹೇಳಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಮಗುವನ್ನು ಮೊದಲ ಐದು ವರ್ಷ ಅತಿ ಹೆಚ್ಚು ಬಾರಿ ಕರೆಯುವವರು ಅಜ್ಜಿ, ತಾತ, ನೋಡಿಕೊಳ್ಳುವ ಆಯಾ, ಅಂಗನವಾಡಿ ಟೀಚರ್. ಅವರಿಗೆ ಹೇಳಲು ಬರದ ಹೆಸರು ಇಟ್ಟರೆ ಅವರು ಕರೆಯುವುದನ್ನೇ ಬಿಡುತ್ತಾರೆ. "ಪಾಪು", "ಪುಟ್ಟಿ" ಅಂದು ಸುಮ್ಮನಾಗುತ್ತಾರೆ. ತನ್ನ ಮೊಮ್ಮಗುವಿನ ಹೆಸರು ಹೇಳಲು ನಾಚಿಕೊಳ್ಳುವ ಅಜ್ಜಿಯನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ.

ಹಳೇ ಮೈಸೂರಿನ ಕಡೆ ಎಷ್ಟೋ ಹಿರಿಯರ ಮಾತಿನಲ್ಲಿ "ಹ" ಬರುವುದಿಲ್ಲ, "ಶ" ಕೂಡ "ಸ" ಆಗುತ್ತದೆ. ಹರೀಶ ಅರೀಸ ಆಗುತ್ತಾನೆ. ಅದು ಅವರ ತಪ್ಪಲ್ಲ, ಆ ಸೀಮೆಯ ಮಾತೇ ಹಾಗೆ. ಅರೀಸ ಅಂದರೂ ಚೆಂದವೇ. ಆದರೆ ಒತ್ತಕ್ಷರದ ಮೇಲೆ ಒತ್ತಕ್ಷರ ಇರುವ ಹೆಸರು, ಮಹಾಪ್ರಾಣ ತುಂಬಿದ ಹೆಸರು ಆ ಬಾಯಲ್ಲಿ ಏನಾಗುತ್ತದೆ ಅಂತ ಮೊದಲೇ ಕೇಳಿಸಿಕೊಳ್ಳಿ. ಹೆಸರು ಬರೆದು ತೋರಿಸಬೇಡಿ. ಒಮ್ಮೆ ಹೇಳಿ, ಅವರಿಂದ ತಿರುಗಿ ಹೇಳಿಸಿ.

ಆಮೇಲೆ ಬೀದಿಯ ತುದಿಯಿಂದ ಕೂಗಿ ನೋಡಿ. ಕತ್ತಲಾಗುವ ಹೊತ್ತಿಗೆ ಆಟದಿಂದ ಮಗುವನ್ನು ಕರೆಯುವ ಹಾಗೆ. ಕೊನೆಯ ಅಕ್ಷರ ಎಳೆಯಲು ಬರುತ್ತದೆಯೇ? ಬರದಿದ್ದರೆ ಜನ ಅದನ್ನು ತಮಗೆ ಬೇಕಾದ ಹಾಗೆ ಮುರಿದುಕೊಳ್ಳುತ್ತಾರೆ.

ಮುರಿಯುವುದು ಹೇಗೂ ನಡೆಯುತ್ತದೆ. ಕನ್ನಡದ ಬಾಯಿಗೆ ಎರಡಕ್ಷರ ಇಷ್ಟ. ಕೃಷ್ಣ ಕಿಟ್ಟಿ ಆದ, ಶ್ರೀನಿವಾಸ ಸೀನ ಆದ, ನಾರಾಯಣ ನಾಣಿ ಆದ, ಸುಬ್ರಹ್ಮಣ್ಯ ಸುಬ್ಬ ಆದ, ಪದ್ಮಾವತಿ ಪದ್ದಿ ಆದಳು. ನಿಮ್ಮ ಮಗುವಿನ ಹೆಸರೂ ಎರಡಕ್ಷರಕ್ಕೆ ಇಳಿಯುತ್ತದೆ. ಆ ಎರಡಕ್ಷರ ಯಾವುದು ಅಂತ ಈಗಲೇ ಯೋಚಿಸಿ. ಅನೀಶ್ ಒಳ್ಳೆಯ ಹೆಸರು, ಆದರೆ ಸಿಟ್ಟಿನಲ್ಲಿ "ಅನಿಷ್ಟ" ಅನ್ನಲು ಒಂದೇ ಹೆಜ್ಜೆ. ಇದನ್ನು ಪತ್ತೆ ಹಚ್ಚಲು ದೊಡ್ಡವರಿಗಿಂತ ಮಕ್ಕಳೇ ವಾಸಿ. ಎಂಟು ಒಂಬತ್ತು ವರ್ಷದ ನೆಂಟರ ಮಕ್ಕಳನ್ನು ಕೂರಿಸಿ, "ಈ ಹೆಸರಿನವನನ್ನು ಶಾಲೆಯಲ್ಲಿ ಹೇಗೆ ರೇಗಿಸುತ್ತಾರೆ?" ಅಂತ ಕೇಳಿ. ನೀವು ಒಂದು ವಾರ ಯೋಚಿಸಿದರೂ ಹೊಳೆಯದ್ದನ್ನು ಅವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ರೇಗಿಸಲಾಗದ ಹೆಸರೇ ಇಲ್ಲ, ನಿಜ. ಆದರೆ ಕೇಳಿ ನಕ್ಕು ಮರೆಯುವಂಥದ್ದಕ್ಕೂ ಹತ್ತು ವರ್ಷ ಅಂಟಿಕೊಳ್ಳುವಂಥದ್ದಕ್ಕೂ ವ್ಯತ್ಯಾಸ ಇದೆ.

5. ಬೇರೆ ಭಾಷೆಯವರ ಕಿವಿ

ಬೆಂಗಳೂರಿನಲ್ಲಿ ಬೆಳೆಯುವ ಮಗುವಿನ ತರಗತಿಯಲ್ಲೇ ಐದಾರು ಭಾಷೆಯ ಮನೆಗಳ ಮಕ್ಕಳಿರುತ್ತಾರೆ. ಉರ್ದುವಿನ ಹಿನಾ ಎಂದರೆ ಮದರಂಗಿ, ಸೊಗಸಾದ ಹೆಸರು. ಕನ್ನಡದಲ್ಲಿ ದೀರ್ಘ ಎಳೆದು ಹೀನಾ ಅಂತ ಬರೆದರೆ ಕೆಟ್ಟುಹೋಗುತ್ತದೆ. ಶಾಲೆಯ ದಾಖಲೆಯಲ್ಲಿ ಹ್ರಸ್ವ ಇದೆಯೇ ಅಂತ ನೋಡಿಕೊಳ್ಳಬೇಕು. ಪ್ರೀತ್ ಎಂಬುದನ್ನು ಯಾರಾದರೂ ಪ್ರೇತ್ ಅಂತ ಬರೆದುಬಿಟ್ಟರೆ? ಬರೆಯುವವರು ಇದ್ದಾರೆ.

ಇಂಗ್ಲಿಷಿನ ಕಿವಿ ಇನ್ನೊಂದು ಥರ. ಹರ್ಷಿತ್, ಲಕ್ಷಿತ್ ಥರದ ಹೆಸರುಗಳ ಕೊನೆಯ ತುಂಡು ಹೊರದೇಶದಲ್ಲಿ ಕೆಟ್ಟ ಪದವಾಗಿ ಕೇಳುತ್ತದೆ. ನಾವು ಕನ್ನಡಿಗರು "ತ್" ಬರೆಯಲು ಕೊನೆಗೆ "ಎಚ್" ಸೇರಿಸುವ ರೂಢಿ ಇಲ್ಲಿ ಸ್ವಲ್ಪ ಕಾಪಾಡುತ್ತದೆ. ಹಾಗಾಗಿ ಅಂಥ ಹೆಸರು ಇಡುವುದಾದರೆ ಆ "ಎಚ್" ಬಿಡಬೇಡಿ. ಅನಲ ಎಂದರೆ ಬೆಂಕಿ, ತೂಕದ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿದರೆ ಯಾಕೆ ಬೇಡ ಅಂತ ತಿಳಿಯುತ್ತದೆ. ಫಣಿ ಎಂಬುದು ಫೋನಿನಲ್ಲಿ ತಮಾಷೆಯ ಇಂಗ್ಲಿಷ್ ಪದವಾಗಿ ಕೇಳುತ್ತದೆ. ಮಗು ಅಮೆರಿಕಕ್ಕೆ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ಅಲ್ಲಿನವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸವಂತೂ ಹುಬ್ಬಳ್ಳಿಯಲ್ಲಿ ಕೂತೂ ಮಾಡಬಹುದು. ಹೊರದೇಶದಲ್ಲೇ ಇರುವ ಕನ್ನಡಿಗರು ಜ್ಞ, ಳ, ಋ ಇರುವ ಹೆಸರುಗಳನ್ನು ಇನ್ನೂ ಎಚ್ಚರದಿಂದ ತೂಗಿ ನೋಡಿ. ಪ್ರಜ್ಞಾ ಎಂಬುದನ್ನು ಅಲ್ಲಿನ ಟೀಚರ್ ಮೊದಲ ಸಲ ಸರಿಯಾಗಿ ಓದುವುದು ಕಷ್ಟ. ಆದರೂ ಇಡಬೇಕು ಅನ್ನಿಸಿದರೆ ಇಡಿ, ಮಗುವಿಗೆ ತನ್ನ ಹೆಸರನ್ನು ತಾಳ್ಮೆಯಿಂದ ಹೇಳಿಕೊಡುವುದನ್ನು ಕಲಿಸಿ.

6. ಕನ್ನಡದಿಂದ ಇಂಗ್ಲಿಷಿಗೆ, ಮತ್ತೆ ಕನ್ನಡಕ್ಕೆ

ಕಾಗದದ ಪರೀಕ್ಷೆ ಇಲ್ಲಿಂದ ಶುರು. ನಮ್ಮ ಹೆಸರು ಕನ್ನಡದಲ್ಲಿ ಹುಟ್ಟಿ, ಇಂಗ್ಲಿಷ್ ಅಕ್ಷರಕ್ಕೆ ಹೋಗಿ, ಯಾವುದೋ ಕಂಪ್ಯೂಟರ್ ಮೂಲಕ ಮತ್ತೆ ಕನ್ನಡಕ್ಕೆ ಬರುತ್ತದೆ. ಆ ದಾರಿಯಲ್ಲಿ ದೀರ್ಘ ಹೋಗುತ್ತದೆ, ಲ ಮತ್ತು ಳ ಒಂದಾಗುತ್ತವೆ, ನ ಮತ್ತು ಣ ಒಂದಾಗುತ್ತವೆ. ಮಾಲಾ ಎಂಬ ಹೆಸರನ್ನು "ಎಂ, ಎ, ಎಲ್, ಎ" ಅಂತ ಬರೆಯುತ್ತೇವೆ. ಅದು ತಿರುಗಿ ಬರುವಾಗ "ಮಲ" ಆದರೆ? ಕಲಾ ಎಂಬುದು ಕಾಲ, ಕಳಾ, ಕಾಳ ಏನು ಬೇಕಾದರೂ ಆಗಬಹುದು. ಮತದಾರರ ಪಟ್ಟಿಯನ್ನೋ ಪಡಿತರ ಚೀಟಿಯನ್ನೋ ಒಮ್ಮೆ ನೋಡಿ, ಇಂಥವು ಕಣ್ಣಿಗೆ ಬೀಳುತ್ತವೆ.

ಮಾಡಬೇಕಾದದ್ದು ಸುಲಭ. ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಆ ಹೆಸರು ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಅವರು ಅದನ್ನು ಕನ್ನಡದಲ್ಲಿ ಬರೆಯಲಿ. ನಾಲ್ಕು ಜನರಲ್ಲಿ ಮೂವರು ಸರಿಯಾಗಿ ಬರೆದರೆ ಆ ಕಾಗುಣಿತ ಗಟ್ಟಿ. ಇಲ್ಲವಾದರೆ ಕಾಗುಣಿತ ಬದಲಿಸಿ, ದೀರ್ಘಕ್ಕೆ ಎರಡು "ಎ" ಹಾಕಿ ನೋಡಿ. ಋ ಇರುವ ಹೆಸರಾದರೆ ಮೊದಲೇ ತೀರ್ಮಾನ ಮಾಡಿ. ನಾವು "ರು" ಅನ್ನುತ್ತೇವೆ, ಹಿಂದಿಯವರು "ರಿ" ಅನ್ನುತ್ತಾರೆ. ಋತ್ವಿಕ್ ಒಬ್ಬನೇ ಆದರೂ ಅವನ ಕಾಗುಣಿತ ಮೂರು ನಾಲ್ಕು. ಒಂದನ್ನು ಆರಿಸಿ, ಎಲ್ಲ ಕಡೆ ಅದನ್ನೇ ಬಳಸಿ.

7. ಇನಿಷಿಯಲ್, ಅಡ್ಡಹೆಸರು, ಒಂಟಿ ಹೆಸರು

ಹೆಸರನ್ನು ಒಂಟಿಯಾಗಿ ಓದಬೇಡಿ. ಊರಿನ ಅಕ್ಷರ, ಅಪ್ಪನ ಅಕ್ಷರ ಸೇರಿಸಿ ಓದಿ. ಬೇಲೂರು, ಆನಂದ, ದಿವ್ಯಾ ಮೂರರ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ಸೇರಿದರೆ "ಬ್ಯಾಡ್". ಮೈಸೂರು, ಅನಂತ, ದೀಪಕ್ ಸೇರಿದರೆ "ಮ್ಯಾಡ್". ಎಸ್. ಹಿತೇಶ್ ಎಂಬುದನ್ನು ಚುಕ್ಕಿ, ಜಾಗ ಇಲ್ಲದೆ ಕಚೇರಿಯ ಇಮೇಲ್ ವಿಳಾಸದಲ್ಲಿ ಬರೆದು ನೋಡಿ. ಈಗಲೇ ಗೊತ್ತಾದರೆ ಇನಿಷಿಯಲ್ ಕ್ರಮ ಬದಲಿಸಿದರೂ ಸಾಕು.

ಉತ್ತರ ಕರ್ನಾಟಕದ ಅಡ್ಡಹೆಸರುಗಳ ಸೊಗಸೇ ಬೇರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಅಂಗಡಿ, ಕತ್ತಿ. ಒಂದೊಂದರ ಹಿಂದೆಯೂ ಒಂದು ಮನೆತನದ ಕಸುಬು, ಕಥೆ ಇದೆ. ದಯವಿಟ್ಟು ಅವನ್ನು ನಾಚಿಕೆಯಿಂದ ಕೈಬಿಡಬೇಡಿ. ಅದರ ಜೊತೆ ಹೊಂದುವ ಹೆಸರು ಆರಿಸಿ, ಅಷ್ಟೇ. ಅಂಗಡಿ ಮನೆಯ ಹುಡುಗಿಗೆ ಪ್ರೀತಿ ಅಂತಲೋ ಖುಷಿ ಅಂತಲೋ ಇಟ್ಟರೆ ತರಗತಿಯಲ್ಲಿ "ಕೆಜಿಗೆ ಎಷ್ಟು?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕತ್ತಿ ಮನೆಯವರು ಶಾಂತಾ ಅಂತ ಇಡುವ ಮುಂಚೆ ಒಮ್ಮೆ ಜೋರಾಗಿ ಹೇಳಿ ನೋಡಿ. ಸಹನಾ, ಗಿರೀಶ, ವಿದ್ಯಾ, ಬಸವರಾಜ ಥರದವು ಬಹುತೇಕ ಅಡ್ಡಹೆಸರುಗಳ ಜೊತೆ ಗೌರವವಾಗಿ ನಿಲ್ಲುತ್ತವೆ.

ದಕ್ಷಿಣದ ಕಡೆಯ ತೊಂದರೆ ಇದಕ್ಕೆ ತದ್ವಿರುದ್ಧ. ಅಡ್ಡಹೆಸರೇ ಇಲ್ಲ. ಪ್ರಮಾಣಪತ್ರದಲ್ಲಿ "ಅಮೋಘ" ಅಂತ ಒಂದೇ ಪದ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಗುವಿನ ಹೆಸರಿಗೂ ಕುಲನಾಮಕ್ಕೂ, ಅಂದರೆ ಅಡ್ಡಹೆಸರಿಗೂ, ಬೇರೆ ಬೇರೆ ಜಾಗ ಇದೆ, ಇನಿಷಿಯಲ್ ಹಾಕುವಂತಿಲ್ಲ. ಕುಲನಾಮದ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಮಗುವಿನ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಗುರುತು ಅದು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಅಂತ ನಿಯಮ ತಂದಿತು. ತಂದೆಯ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ಇದ್ದರೆ ಒಪ್ಪುತ್ತೇವೆ ಅಂತ ಆಮೇಲೆ ಸಡಿಲಿಸಿತು. ದುಬೈನಲ್ಲಿ ನಮ್ಮ ಕರಾವಳಿಯವರ ನೆಂಟರು ಎಷ್ಟು ಜನ ಇದ್ದಾರೆ, ಯೋಚಿಸಿ.

ಆದ್ದರಿಂದ ಜನನ ಪ್ರಮಾಣಪತ್ರದಲ್ಲೇ ಎರಡು ಪದ ಬರೆಸಿ: ಮಗುವಿನ ಹೆಸರು, ಜೊತೆಗೆ ಅಪ್ಪನ ಅಥವಾ ಅಮ್ಮನ ಹೆಸರು ಅಥವಾ ಊರಿನ ಹೆಸರು. ಅಣ್ಣನಿಗೆ ಒಂದು, ತಂಗಿಗೆ ಇನ್ನೊಂದು ಮಾಡಬೇಡಿ. ಮನೆಯ ಮಕ್ಕಳಿಗೆಲ್ಲ ಒಂದೇ ಎರಡನೇ ಪದ ಇರಲಿ.

8. ಸುದ್ದಿಯ ಹೆಸರು, ನೋವಿನ ಹೆಸರು

2020ರ ಲಾಕ್‌ಡೌನ್ ಶುರುವಾದ ದಿನಗಳಲ್ಲಿ ರಾಯ್‌ಪುರದಲ್ಲಿ ಹುಟ್ಟಿದ ಅವಳಿಗಳಿಗೆ ಕೊರೊನಾ, ಕೋವಿಡ್ ಅಂತ ಹೆಸರಿಟ್ಟ ಸುದ್ದಿ ಬಂದಿತ್ತು. ಕಷ್ಟದಲ್ಲಿ ಸುಖವಾಗಿ ಹೆರಿಗೆಯಾದ ನೆನಪಿಗೆ ಇಟ್ಟದ್ದು, ಆ ಭಾವನೆ ಅರ್ಥವಾಗುತ್ತದೆ. ಆದರೆ ಅದೇ ರೋಗದಲ್ಲಿ ಮನೆಯವರನ್ನು ಕಳೆದುಕೊಂಡವರ ಪಕ್ಕದಲ್ಲಿ ಆ ಮಕ್ಕಳು ಶಾಲೆ ಕಲಿಯಬೇಕು. ಸುದ್ದಿ ಹಳತಾಗುತ್ತದೆ, ಹೆಸರು ಉಳಿಯುತ್ತದೆ. ನಾಯಕರ ಹೆಸರೂ ಹಾಗೆಯೇ. ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1ರಂದು. ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡದ್ದು ಮಾರ್ಚ್ 5ರಂದು. ಆ ದಿನಗಳ ಅಭಿಮಾನದಿಂದ ಬಂದ ಹೆಸರು ಅದು. ಆ ಸೋವಿಯತ್ ನಾಯಕನ ಬಗ್ಗೆ ಲೋಕದ ಅಭಿಪ್ರಾಯ ಮುಂದೆ ಪೂರ್ತಿ ಬದಲಾಯಿತು. ಬದುಕಿರುವ ನಾಯಕರ, ನಟರ ಹೆಸರನ್ನು ಇಡುವ ಮುಂಚೆ ಇದನ್ನು ನೆನೆಯಿರಿ. ಅಭಿಮಾನವನ್ನು ಮನೆಯ ಮುದ್ದಿನ ಹೆಸರಲ್ಲಿ ಇಟ್ಟುಕೊಳ್ಳಬಹುದು.

ಹಿರಿಯರು ಬೇರೆ ಕಾರಣಕ್ಕೆ ಒರಟು ಹೆಸರು ಇಡುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಅನ್ನುತ್ತಿದ್ದರು. ಗುಂಡಪ್ಪ, ಕಲ್ಲಪ್ಪ, ತಿರುಕಪ್ಪ, ಹುಚ್ಚಮ್ಮ. ಬೇಡದ ವಸ್ತುವಿನ ಹೆಸರಿಟ್ಟರೆ ಸಾವಿನ ಕಣ್ಣು ಬೀಳದು ಎಂಬ ನಂಬಿಕೆ. ಆ ಹೆಸರುಗಳಲ್ಲಿ ಇರುವುದು ಮಗು ಉಳಿಯಲಿ ಎಂಬ ಹಂಬಲ. ಕೆಲವು ಹೆಸರುಗಳು ನೇರವಾಗಿ ದೇವರದು: ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ ಬಂದರು. ಶಿಕಾರಿಪುರದ ಹುಚ್ಚರಾಯಸ್ವಾಮಿಯಿಂದ ಹುಚ್ಚರಾಯಪ್ಪ ಬಂದ. ನಿಮ್ಮ ತಾತನ ಹೆಸರು ಇಂಥದ್ದಾದರೆ ಮಕ್ಕಳಿಗೆ ಆ ಕಥೆ ಹೇಳಿ. ಮಗುವಿಗೆ ಆ ಹೆಸರು ಇಡಲೇಬೇಕಾದರೆ ಎರಡನೇ ಪದವಾಗಿ ಇಡಬಹುದು.

ಒಂದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾರೆ. ಹೆಣ್ಣು ಹುಟ್ಟಿದ್ದು ಸಾಕು, ಬೇಡ ಎಂಬ ಅರ್ಥದ ಹೆಸರು. ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ "ನಕುಶಾ", ಅಂದರೆ ಬೇಡವಾದವಳು, ಎಂದು ಕರೆಸಿಕೊಳ್ಳುತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರ್‌ನಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಅಂಥ ಹೆಸರು ಹೊತ್ತ ಹುಡುಗಿ ನಿಮ್ಮ ಬಳಗದಲ್ಲಿ ಇದ್ದರೆ, ಬದಲಿಸಲು ಅವಳಿಗೆ ಸಹಾಯ ಮಾಡಿ.

ಐಸ್‌ಲ್ಯಾಂಡ್‌ನಲ್ಲಿ ಹೆಸರು ಒಪ್ಪಲು ಸರ್ಕಾರಿ ಸಮಿತಿಯೇ ಇದೆ. ನ್ಯೂಜಿಲೆಂಡ್‌ನಲ್ಲಿ 2008ರಲ್ಲಿ, ಹವಾಯಿಯ ಹುಲಾ ಕುಣಿತದ ಬಗ್ಗೆ ಇಡೀ ಒಂದು ವಾಕ್ಯವನ್ನೇ ಹೆಸರಾಗಿ ಪಡೆದಿದ್ದ 9 ವರ್ಷದ ಹುಡುಗಿಯನ್ನು, ಹೆಸರು ಬದಲಿಸಲೆಂದೇ ನ್ಯಾಯಾಲಯ ತನ್ನ ಪಾಲನೆಗೆ ತೆಗೆದುಕೊಂಡಿತು. ನಮ್ಮಲ್ಲಿ ಅಂಥ ಸಮಿತಿ ಇಲ್ಲ. ತಡೆಯುವ ಕೆಲಸ ಮನೆಯವರದೇ.

9. ಬರೆಸುವ ದಿನ

ಕನ್ನಡದಲ್ಲೂ ಇಂಗ್ಲಿಷ್ ದೊಡ್ಡಕ್ಷರದಲ್ಲೂ ಹೆಸರನ್ನು ನೀವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿ ಬರೆಸಬೇಡಿ. ಸಹಿ ಹಾಕುವ ಮೊದಲು ಅಕ್ಷರ ಅಕ್ಷರ ಓದಿ. ತಂದೆ ತಾಯಿಯ ಹೆಸರು ನಿಮ್ಮ ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯೇ ಅಂತಲೂ ನೋಡಿ.

ಇಷ್ಟು ಎಚ್ಚರ ಯಾಕೆಂದರೆ 2023ರ ಅಕ್ಟೋಬರ್ 1ರಿಂದ ಜನನ ಮರಣ ನೋಂದಣಿ ತಿದ್ದುಪಡಿ ಕಾಯ್ದೆ ಜಾರಿಯಲ್ಲಿದೆ. ಆ ದಿನ ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಜನನ ಪ್ರಮಾಣಪತ್ರ ಒಂದೇ. ಅದರಲ್ಲಿ ಇರುವ ಹೆಸರೇ ತಾಯಿ ಕಾರ್ಡ್, ಬಾಲ ಆಧಾರ್, ಶಾಲೆಯ ದಾಖಲಾತಿ ಪುಸ್ತಕ ಎಲ್ಲ ಕಡೆಯೂ ಇರಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ, ಅದನ್ನು ಕಾಗುಣಿತದ ತಪ್ಪಿಗೆ ಕಳೆಯಬೇಡಿ.

10. ಈಗಾಗಲೇ ಇಟ್ಟಾಗಿದ್ದರೆ

ಮಗು ಚಿಕ್ಕದಿದ್ದಷ್ಟೂ ಒಳ್ಳೆಯದು. ಬರೀ ಅಕ್ಷರದ ತಪ್ಪಾದರೆ ಜನನ ನೋಂದಣಿ ಆದ ಕಚೇರಿಯಲ್ಲೇ ಕಾಯ್ದೆಯ 15ನೇ ಕಲಂ ಪ್ರಕಾರ ತಿದ್ದಿಸಬಹುದು. ಆಸ್ಪತ್ರೆಯ ದಾಖಲೆ, ತಂದೆ ತಾಯಿಯ ಗುರುತಿನ ಪತ್ರ, ಪ್ರಮಾಣಪತ್ರದ ಮೂಲ ಪ್ರತಿ ತೆಗೆದುಕೊಂಡು ಹೋಗಿ. ಹೆಸರನ್ನೇ ಪೂರ್ತಿ ಬದಲಿಸುವುದಕ್ಕೆ ಕಾಯ್ದೆಯಲ್ಲಿ ನೇರ ದಾರಿ ಇಲ್ಲ ಅಂತ ಅಧಿಕಾರಿಗಳು ವಾಪಸ್ ಕಳಿಸುವುದುಂಟು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಇಂಥದೇ ಒಂದು ಪುಟ್ಟ ಮಗುವಿನ ಪ್ರಕರಣದಲ್ಲಿ ತಂದೆ ತಾಯಿಯ ಕೋರಿಕೆ ಒಪ್ಪಿತು. ಹಳೆಯ ಹೆಸರು, ಹೊಸ ಹೆಸರು ಎರಡೂ ದಾಖಲೆಯಲ್ಲಿ ಇರಬೇಕು ಅಂದಿತು. ಆ ತೀರ್ಪಿನ ಪ್ರತಿ ಹಿಡಿದು ವಕೀಲರ ಹತ್ತಿರ ಹೋದರೆ ಮಾತು ಬೇಗ ಮುಂದುವರಿಯುತ್ತದೆ.

ಮಗು ಶಾಲೆಗೆ ಹೋಗುತ್ತಿದ್ದರೆ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲು ಎಲ್ಲ ಮುಗಿಸಿ. ಅಂಕಪಟ್ಟಿ ಬಂದ ಮೇಲೆ ತಿದ್ದುವುದು ಬಹಳ ಸುತ್ತಾಟ. ಈ ವಯಸ್ಸಿನಲ್ಲಿ ಮಗುವನ್ನೇ ಕೇಳಿ ತೀರ್ಮಾನಿಸಿ. ನಿಮಗೆ ಬೇಸರ ತಂದ ಹೆಸರು ಅವನಿಗೋ ಅವಳಿಗೋ ಇಷ್ಟವೇ ಆಗಿರಬಹುದು. 2021ರಲ್ಲಿ ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಹೆಸರಿನ ಮೇಲೆ ಅವರಿಗೇ ಹಿಡಿತ ಇರುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿದೆ. 18 ತುಂಬಿದವರು ತಾವೇ ಬದಲಿಸಿಕೊಳ್ಳಬಹುದು: ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್), ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ರಾಜ್ಯಪತ್ರದಲ್ಲಿ ಪ್ರಕಟಣೆ. ರಾಜ್ಯಪತ್ರದ ಮೂರು ನಾಲ್ಕು ಪ್ರತಿ ಇಟ್ಟುಕೊಳ್ಳಿ. ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್, ಪಾಸ್‌ಪೋರ್ಟ್ ಹೀಗೆ ಒಂದೊಂದಾಗಿ ಬದಲಿಸಿ. ಹಳೆಯ ಹೆಸರಿನ ಒಂದು ದಾಖಲೆಯನ್ನೂ ಬಿಸಾಡಬೇಡಿ, ಮುಂದೆ ಯಾವುದಾದರೂ ಕಚೇರಿಯಲ್ಲಿ ಇಬ್ಬರೂ ಒಬ್ಬರೇ ಅಂತ ತೋರಿಸಬೇಕಾಗುತ್ತದೆ.